ಕಾವ್ಯ ಪತ್ರಿಕೆಗಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮೊದಲು ಓದುಗರಿಗೆ, ಆಮೇಲೆ ಕವಿತೆ ಕಳಿಸುವವರಿಗೆ. ಈ ಕ್ರಮ ಬೇಕೆಂದೇ ಇಟ್ಟದ್ದು. ಕಾವ್ಯ ಪತ್ರಿಕೆಯನ್ನು ತಮ್ಮ ಕವಿತೆ ಅಚ್ಚಾಗುವ ಜಾಗ ಎಂದಷ್ಟೇ ನೋಡುವವರು ಹೆಚ್ಚಾದಾಗ ಪತ್ರಿಕೆ ಸೊರಗುತ್ತದೆ. ಬೇರೆಯವರ ಕವಿತೆಗಾಗಿ ಕಾಯುವವರು ಇದ್ದರೆ ಮಾತ್ರ ಅದು ಉಳಿಯುತ್ತದೆ.

ವಾರಪತ್ರಿಕೆಗಳಲ್ಲೂ ಕವಿತೆ ಬರುತ್ತದಲ್ಲ, ಕಾವ್ಯ ಪತ್ರಿಕೆಯೇ ಯಾಕೆ ಬೇಕು?

ವಾರಪತ್ರಿಕೆಯಲ್ಲಿ ಕವಿತೆಗೆ ಒಂದು ಚೌಕ ಮೊದಲೇ ಗೊತ್ತುಮಾಡಿರುತ್ತಾರೆ. ಅದರಲ್ಲಿ ಹಿಡಿಸುವಷ್ಟು ಉದ್ದದ ಕವಿತೆಗಷ್ಟೇ ಜಾಗ. ಪಕ್ಕದಲ್ಲಿ ಚಿತ್ರ, ಕೆಳಗೆ ಜಾಹೀರಾತು. ಕಾವ್ಯ ಪತ್ರಿಕೆಯಲ್ಲಿ ಪುಟವೇ ಕವಿತೆಗೆ ಹೊಂದಿಕೊಳ್ಳುತ್ತದೆ. ಆರು ಪುಟದ ಕವಿತೆಯೂ ಬರಬಹುದು, ನಾಲ್ಕು ಸಾಲಿನದು ಇಡೀ ಪುಟದಲ್ಲಿ ಒಂಟಿಯಾಗಿ ನಿಲ್ಲಬಹುದು. ಒಬ್ಬರದೇ ನಾಲ್ಕೈದು ಕವಿತೆ ಒಟ್ಟಿಗೆ ಓದಲು ಸಿಗುವುದರಿಂದ ಅವರ ದನಿಯ ಪರಿಚಯವೂ ಆಗುತ್ತದೆ.

ಹ್ಯಾರಿಯೆಟ್ ಮನ್ರೋ ಅವರು 1912ರಲ್ಲಿ ಶಿಕಾಗೋದಲ್ಲಿ ಆರಂಭಿಸಿದ ‘ಪೊಯೆಟ್ರಿ’ ಇಂದಿಗೂ ಬರುತ್ತಿದೆ. ಬುದ್ಧದೇವ ಬಸು ಅವರ ಬಂಗಾಳಿ ‘ಕವಿತಾ’ 1935ರದು. ಕನ್ನಡದಲ್ಲಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, 1964ರಲ್ಲಿ ಧಾರವಾಡದಿಂದ ಹೊರಟ ‘ಸಂಕ್ರಮಣ’ ಕಾವ್ಯಕ್ಕಷ್ಟೇ ಮೀಸಲಾಗಿರಲಿಲ್ಲ. ಆದರೂ ಹೊಸ ಕವಿತೆಯನ್ನೂ ಅದರ ಬಗೆಗಿನ ವಾಗ್ವಾದವನ್ನೂ ಅಕ್ಕಪಕ್ಕ ಇಟ್ಟು ಓದಿಸಿದವು. ಒಳ್ಳೆಯ ಕಾವ್ಯ ಪತ್ರಿಕೆಯ ಲಕ್ಷಣ ನಮ್ಮ ಪಾಲಿಗೆ ಇದೇ: ಕವಿತೆಯ ಜೊತೆಗೆ ಕವಿತೆಯ ಬಗ್ಗೆ ಮಾತೂ ಇರಬೇಕು.

ಒಂದು ಸಂಚಿಕೆಯನ್ನು ಹೇಗೆ ಓದಬೇಕು?

ಕಾದಂಬರಿಯಂತೆ ಒಂದೇ ಪಟ್ಟಿಗೆ ಓದಿ ಮುಗಿಸಬೇಡಿ. ಸಾಲಾಗಿ ಹತ್ತು ಕವಿತೆ ಓದಿದರೆ ಹನ್ನೊಂದನೆಯದು ಕಿವಿಗೆ ಬೀಳುವುದೇ ಇಲ್ಲ. ಹಿಂದಿನ ಕವಿತೆಯ ಲಯ ತಲೆಯಲ್ಲಿ ಉಳಿದು ಮುಂದಿನದನ್ನು ಮುಚ್ಚಿಬಿಡುತ್ತದೆ. ಒಂದು ಕೂತಿಕೆಗೆ ಮೂರು, ಹೆಚ್ಚೆಂದರೆ ನಾಲ್ಕು ಕವಿತೆ ಸಾಕು.

ನಾವು ಹೇಳಿಕೊಡುವ ಕ್ರಮ ಹೀಗಿದೆ. ಮೊದಲ ದಿನ ಪರಿವಿಡಿ ನೋಡದೆ ಪುಟ ತಿರುವಿ, ಯಾವ ಸಾಲು ಕಣ್ಣು ಹಿಡಿಯುತ್ತದೋ ಆ ಕವಿತೆಯನ್ನು ಮಾತ್ರ ಓದಿ. ಮರುದಿನದಿಂದ ಆರಂಭದಿಂದ ಶುರುಮಾಡಿ. ಪ್ರತಿ ಕವಿತೆಯನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಿ. ಗಟ್ಟಿಯಾಗಿ ಓದುವಾಗ ಸಾಲಿನ ಕೊನೆಯಲ್ಲಿ ತುಸು ನಿಲ್ಲಿ, ಅಲ್ಲಿ ಅಲ್ಪವಿರಾಮ ಇರದಿದ್ದರೂ ನಿಲ್ಲಿ. ಕವಿ ಸಾಲನ್ನು ಅಲ್ಲೇ ಯಾಕೆ ಮುರಿದರು ಎಂಬುದು ಆಗ ತಿಳಿಯುತ್ತದೆ, ಅಥವಾ ಮುರಿಯಲು ಕಾರಣವೇ ಇರಲಿಲ್ಲ ಎಂಬುದು ತಿಳಿಯುತ್ತದೆ. ಕವಿ ಪರಿಚಯವನ್ನು ಕವಿತೆಯ ನಂತರವೇ ನೋಡಿ. ಪ್ರಶಸ್ತಿಗಳ ಪಟ್ಟಿ ಓದಿದ ಮೇಲೆ ಕವಿತೆಯನ್ನು ಅದರಷ್ಟಕ್ಕೇ ಓದುವುದು ಕಷ್ಟ. ಸಂಪಾದಕೀಯ ಎಲ್ಲಕ್ಕಿಂತ ಕೊನೆಗೆ.

ತಿಂಗಳಾದ ಮೇಲೆ ಸಂಚಿಕೆ ತೆರೆಯದೆ ಯಾವ ಕವಿತೆ ನೆನಪಿದೆ ಎಂದು ಕೇಳಿಕೊಳ್ಳಿ. ಎರಡು ನೆನಪಿಗೆ ಬಂದರೆ ಅದು ಒಳ್ಳೆಯ ಸಂಚಿಕೆ.

ಮೊದಲ ಪುಟದ ಕವಿತೆಯೇ ಸಂಚಿಕೆಯ ಅತ್ಯುತ್ತಮ ಕವಿತೆಯೇ?

ಹಾಗೆಂದು ನಂಬಬೇಡಿ. ಜೋಡಣೆಗೆ ಬೇರೆ ಬೇರೆ ಕಾರಣಗಳಿರುತ್ತವೆ: ಎರಡು ಪುಟದ ಕವಿತೆ ಎದುರುಬದುರು ಪುಟಗಳಲ್ಲೇ ಬರಬೇಕು, ಒಂದೇ ವಸ್ತುವಿನ ಎರಡು ಕವಿತೆ ಅಕ್ಕಪಕ್ಕ ಬಂದು ಒಂದನ್ನೊಂದು ತಿನ್ನಬಾರದು. ಸಂಪಾದಕರ ಅನುಮಾನವೂ ಒಂದು ಕಾರಣವೇ. ಟಿ. ಎಸ್. ಎಲಿಯಟ್ ಅವರ, ಮುಂದೆ ಬಹಳ ಪ್ರಸಿದ್ಧವಾದ ಪ್ರೂಫ್ರಾಕ್ ಕವಿತೆ ಮೊದಲು ಅಚ್ಚಾದದ್ದು ಜೂನ್ 1915ರ ‘ಪೊಯೆಟ್ರಿ’ಯಲ್ಲಿ. ಕವಿ ಎಜ್ರಾ ಪೌಂಡ್ ಒತ್ತಾಯಿಸುತ್ತಿದ್ದರೂ ಮನ್ರೋ ಅವರಿಗೆ ಅದರ ಬಗ್ಗೆ ಪೂರ್ತಿ ಸಮಾಧಾನವಿರಲಿಲ್ಲ, ಅದು ಸಂಚಿಕೆಯ ಹಿಂಭಾಗದಲ್ಲಿ ಬಂತು. ಹಿಂದಿನ ಪುಟಗಳನ್ನು ಬಿಟ್ಟು ಓದಬೇಡಿ.

ಕವಿತೆ ಅರ್ಥವೇ ಆಗದಿದ್ದರೆ?

ಮೊದಲು ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಕ್ರಿಯಾಪದಗಳು ಯಾವ ಕಾಲದಲ್ಲಿವೆ, ಈ ಮೂರನ್ನು ಹುಡುಕಿ. ಕನ್ನಡದಲ್ಲಿ ಕ್ರಿಯಾಪದವೇ ‘ನಾನು’, ‘ನೀನು’ಗಳನ್ನು ಹೊತ್ತಿರುವುದರಿಂದ ಕವಿಗಳು ಸರ್ವನಾಮವನ್ನು ಧಾರಾಳವಾಗಿ ಬಿಟ್ಟುಬಿಡುತ್ತಾರೆ. ಸಾಲಿನ ಕೊನೆಯ ಕ್ರಿಯಾಪದ ಹಿಡಿದರೆ ಮಾತಾಡುವವರು ಸಿಗುತ್ತಾರೆ. ಆಮೇಲೂ ಬಾಗಿಲು ತೆರೆಯದಿದ್ದರೆ ಪುಟ ಮಡಿಸಿಟ್ಟು ಮುಂದೆ ಹೋಗಿ. ಕೆಲವು ಕವಿತೆ ನಿಜಕ್ಕೂ ಗೊಂದಲದವೇ ಆಗಿರುತ್ತವೆ, ಓದುಗರು ಅದಕ್ಕೆ ಹೊಣೆಯಲ್ಲ.

ಲಯ ಒಂದು ಕಡೆ ಮಾತ್ರ ಮುಗ್ಗರಿಸುತ್ತದೆ. ಕವಿಯ ತಪ್ಪೋ, ಅಚ್ಚಿನ ತಪ್ಪೋ?

ಮಾತ್ರೆ ಎಣಿಸಿ ನೋಡಿ: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಸೊನ್ನೆಯಿರುವ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ಸಂಜೆ ಬಂತು ಊರ ಮೇಲೆ’ ಎಂಬ ಸಾಲಿದೆ ಎಂದುಕೊಳ್ಳಿ. ನಾಲ್ಕು ಪದ, ಪ್ರತಿಯೊಂದಕ್ಕೂ ಮೂರು ಮಾತ್ರೆ. ಅಚ್ಚಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ‘ಸಜೆ ಬಂತು ಊರ ಮೇಲೆ’ ಎಂದಾದರೆ ಮೊದಲ ಗಣ (ಮಾತ್ರೆಗಳ ಗುಂಪು) ಎರಡೇ ಮಾತ್ರೆಗೆ ಇಳಿಯುತ್ತದೆ. ಅರ್ಥಕ್ಕೆ ಮೋಸವಿಲ್ಲ, ಊರಿಗೆ ಶಿಕ್ಷೆ ಬಂತು ಎಂದು ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಕರಡು ತಿದ್ದುವವರ ಕಣ್ಣು ತಪ್ಪಿಸಿಕೊಳ್ಳುವುದೂ ಇಂಥ ತಪ್ಪುಗಳೇ, ಏಕೆಂದರೆ ಎರಡೂ ಸರಿಯಾದ ಪದಗಳು. ಕಿವಿ ಮಾತ್ರ ಹಿಡಿಯುತ್ತದೆ. ಉಳಿದ ಸಾಲುಗಳೆಲ್ಲ ಗಣಕ್ಕೆ ಸರಿಯಾಗಿದ್ದು ಒಂದೇ ಕಡೆ ಒಂದು ಮಾತ್ರೆ ಕಡಿಮೆಯಾದರೆ ಸೊನ್ನೆ, ದೀರ್ಘ, ಒತ್ತಕ್ಷರ ಈ ಮೂರರಲ್ಲಿ ಒಂದು ಬಿದ್ದುಹೋಗಿರಬಹುದು. ಸಂಪಾದಕರಿಗೆ ಪುಟ, ಸಾಲು ಸಹಿತ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತಾರೆ.

ಗದ್ಯಲಯದ ಕವಿತೆಗೆ ಈ ಲೆಕ್ಕ ನಡೆಯುವುದಿಲ್ಲ.

ಕೆಲವು ಕಡೆ ಒಂದೇ ಪದ ಕೆಳಗಿನ ಸಾಲಿಗೆ ಬಂದು ನಿಂತಿರುತ್ತದೆ. ಅದು ಕವಿ ಮಾಡಿದ್ದೇ?

ಕವಿ ಮಾಡಿದ್ದೂ ಇರಬಹುದು, ಪುಟದ ಅಗಲ ಸಾಲದೆ ಆದದ್ದೂ ಇರಬಹುದು. ಡೆಮಿ 1/8 ಅಳತೆಯ ಪತ್ರಿಕೆಯ ಅಗಲ ಸುಮಾರು ಐದೂವರೆ ಇಂಚು. ಅಂಚು ಬಿಟ್ಟರೆ ಸಾಲಿಗೆ ಉಳಿಯುವುದು ನಾಲ್ಕು ಇಂಚಿನ ಆಸುಪಾಸು. ‘ಬಾವಿಯೊಳಗೆ ಇಣುಕಿದವನಿಗೆ ಕಂಡದ್ದು ತನ್ನ ಮುಖವಲ್ಲ, ಆಕಾಶ’ ಎಂಬ ಉದ್ದ ಸಾಲು ಹಿಡಿಸದೆ ‘ಆಕಾಶ’ ಎಂಬುದೊಂದೇ ಕೆಳಗೆ ಬಿದ್ದರೆ, ಕವಿ ಬೇಕೆಂದೇ ಆ ಪದವನ್ನು ಬೇರೆ ಮಾಡಿ ಒತ್ತು ಕೊಟ್ಟಂತೆ ಕಾಣುತ್ತದೆ. ಕವಿತೆಯೇ ಬೇರೆಯಾಯಿತು.

ಎಚ್ಚರವಿರುವ ಪತ್ರಿಕೆಗಳು ಹೀಗೆ ಮುರಿದ ತುಂಡನ್ನು ಎಡ ಅಂಚಿನಿಂದ ಒಳಕ್ಕೆ ಸರಿಸಿ ಇಡುತ್ತವೆ. ಒಳಕ್ಕೆ ಸರಿದಿದ್ದರೆ ಅದು ಮೇಲಿನ ಸಾಲಿನ ಬಾಲ, ಎಡ ಅಂಚಿಗೇ ಬಂದಿದ್ದರೆ ಹೊಸ ಸಾಲು ಎಂದು ಓದಿಕೊಳ್ಳಬಹುದು. ಪುಟದ ಕೊನೆಯಲ್ಲಿ ಇನ್ನೊಂದು ತೊಡಕಿದೆ: ನುಡಿ (ಕವಿತೆಯ ಸಾಲುಗಳ ಒಂದು ಗುಂಪು) ಮುಗಿಯಿತೋ, ಮುಂದಿನ ಪುಟಕ್ಕೆ ಹರಿದಿದೆಯೋ ತಿಳಿಯುವುದಿಲ್ಲ. ಬೇರೆ ನುಡಿಗಳಲ್ಲಿ ಎಷ್ಟು ಸಾಲಿವೆ ಎಂದು ನೋಡಿ ಊಹಿಸಬೇಕಾಗುತ್ತದೆ.

ಫೋನಿನಲ್ಲಿ ಓದಿದರೆ ಕವಿತೆ ಕೆಡುತ್ತದೆಯೇ?

ಮೇಲಿನ ತೊಂದರೆಯೇ ಅಲ್ಲಿ ಹತ್ತುಪಟ್ಟು. ಫೋನನ್ನು ಅಡ್ಡ ಹಿಡಿದು ಅಕ್ಷರ ಒಂದು ಹಂತ ಸಣ್ಣದು ಮಾಡಿ. ಸಾಲುಗಳು ಜಾಗ ಬದಲಿಸಿದರೆ ಮೊದಲು ಕಂಡದ್ದು ಕವಿಯ ಸಾಲಲ್ಲ, ಪರದೆಯ ಸಾಲು. ಪಿಡಿಎಫ್‌ನಲ್ಲಿ ಈ ಕಷ್ಟವಿಲ್ಲ, ಅಚ್ಚಿನ ಪುಟ ಹಾಗೆಯೇ ಇರುತ್ತದೆ.

ಸಂಚಿಕೆಗೆ ಯಾವಾಗಲೂ 64, 80, 96 ಹೀಗೇ ಪುಟಗಳು ಯಾಕೆ?

ಅಚ್ಚಿನ ಮನೆಯಲ್ಲಿ ದೊಡ್ಡ ಹಾಳೆಯ ಎರಡು ಬದಿಗೆ ಅಚ್ಚು ಹಾಕಿ ಮಡಿಸಿದರೆ 16 ಪುಟದ ಒಂದು ಫಾರಂ ಆಗುತ್ತದೆ. ನಾಲ್ಕು ಫಾರಂ ಅಂದರೆ 64, ಐದು ಅಂದರೆ 80. ಅರ್ಧ ಫಾರಂ ಹಾಕಿ 72 ಮಾಡುವುದೂ ಉಂಟು. ವಿಷಯ 67 ಪುಟವಾದರೆ ಸಂಪಾದಕರ ಮುಂದಿರುವುದು ಎರಡೇ ದಾರಿ: ಮೂರು ಪುಟ ಮುಂದಿನ ಸಂಚಿಕೆಗೆ ತಳ್ಳುವುದು, ಇಲ್ಲವೇ ಇನ್ನೂ ಐದು ಪುಟ ತುಂಬಿಸುವುದು. ಒಪ್ಪಿಗೆಯಾದ ಕವಿತೆ ಒಂದು ಸಂಚಿಕೆ ತಡವಾಗಿ ಬಂದರೆ ಕಾರಣ ಬಹುತೇಕ ಈ ಲೆಕ್ಕವೇ. ಸಣ್ಣ ಕವಿತೆಗಳಿಗೆ ಕೊನೆಗಳಿಗೆಯಲ್ಲಿ ಜಾಗ ಸಿಗುವುದೂ ಇದರಿಂದಲೇ.

ಚಂದಾ ಕಟ್ಟಿದ್ದೇನೆ, ಸಂಚಿಕೆ ಬಂದಿಲ್ಲ. ಏನು ಮಾಡಲಿ?

ಮೊದಲು ಸಂಚಿಕೆ ಹೊರಟಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಣ್ಣ ಪತ್ರಿಕೆಗಳಲ್ಲಿ ಕರಡು ತಿದ್ದುವವರು, ವಿಳಾಸದ ಚೀಟಿ ಅಂಟಿಸುವವರು, ಅಂಚೆಗೆ ಹಾಕುವವರು ಒಬ್ಬರೇ ಆಗಿರುತ್ತಾರೆ. ತ್ರೈಮಾಸಿಕವೊಂದು ಮೂರು ನಾಲ್ಕು ವಾರ ತಡವಾಗುವುದು ಅಪರೂಪವಲ್ಲ. ಹೊರಟು ತಿಂಗಳಾದರೂ ತಲುಪದಿದ್ದರೆ ಚಂದಾ ಸಂಖ್ಯೆ, ಪಿನ್‌ಕೋಡ್ ಸಹಿತ ಪೂರ್ಣ ವಿಳಾಸ, ಬಾರದ ಸಂಚಿಕೆಯ ತಿಂಗಳು ಇಷ್ಟನ್ನು ಒಂದೇ ಪತ್ರದಲ್ಲಿ ಬರೆಯಿರಿ. ವರ್ಷವಾದ ಮೇಲೆ ಕೇಳಿದರೆ ಕೊಡಲು ಪ್ರತಿಯೇ ಉಳಿದಿರುವುದಿಲ್ಲ.

ಚಂದಾ ಮುಗಿಯುವ ತಿಂಗಳು ವಿಳಾಸದ ಚೀಟಿಯ ಮೇಲೆ ಅಚ್ಚಾಗಿರುವುದುಂಟು, ಚೀಟಿ ಹರಿದು ಎಸೆಯುವ ಮೊದಲು ನೋಡಿ. ಮನೆ ಬದಲಿಸುವವರು ಒಂದು ಸಂಚಿಕೆ ಮೊದಲೇ ತಿಳಿಸಬೇಕು. ಕೈಲಾದರೆ ಚಂದಾವನ್ನು ಮುಗಿಯುವ ಮೊದಲೇ ನವೀಕರಿಸಿ. ಎಷ್ಟು ಪ್ರತಿ ಹಾಕಿಸಬೇಕೆಂದು ಸಂಪಾದಕರು ತೀರ್ಮಾನಿಸುವುದು ಆ ದಿನದ ಚಂದಾದಾರರ ಪಟ್ಟಿ ನೋಡಿಯೇ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದರ ಮೇಲಿನ ಹೊರೆ ಏರುತ್ತದೆ.

ಓದುಗರ ಪತ್ರ ಯಾರಾದರೂ ಓದುತ್ತಾರೆಯೇ? ಹೇಗೆ ಬರೆಯಬೇಕು?

ಓದುತ್ತಾರೆ, ಕವಿಗೂ ತಲುಪಿಸುತ್ತಾರೆ. ಕವಿತೆ ಅಚ್ಚಾದ ಮೇಲೆ ಬಹಳ ಮಂದಿ ಕವಿಗಳಿಗೆ ಒಂದೇ ಒಂದು ಮಾತೂ ಕೇಳಿಬರುವುದಿಲ್ಲ. ‘ಸಂಚಿಕೆ ಚೆನ್ನಾಗಿದೆ, ಕವಿತೆಗಳು ಮನಮುಟ್ಟಿದವು’ ಎಂಬ ಪತ್ರದಿಂದ ಯಾರಿಗೂ ಉಪಯೋಗವಿಲ್ಲ. ಒಂದು ಕವಿತೆ ಆರಿಸಿಕೊಳ್ಳಿ, ಒಂದು ಸಾಲು ಎತ್ತಿ ಬರೆಯಿರಿ, ಅದು ಓದಿದಾಗ ಏನು ಮಾಡಿತು, ಎಲ್ಲಿ ತಡೆಯಿತು ಎಂದು ಹೇಳಿ. ನೂರೈವತ್ತು ಪದದೊಳಗಿದ್ದರೆ ಕತ್ತರಿ ಬೀಳದೆ ಅಚ್ಚಾಗುವ ಸಂಭವ ಹೆಚ್ಚು. ಒಪ್ಪದ ಮಾತಿದ್ದರೂ ಬರೆಯಿರಿ, ಕವಿಯ ಬಗ್ಗೆ ಅಲ್ಲ, ಕವಿತೆಯ ಬಗ್ಗೆ.

ಇಷ್ಟವಾದ ಕವಿತೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಂಚಬಹುದೇ?

ಇಡೀ ಕವಿತೆ ಹಂಚುವ ಮುನ್ನ ಕವಿಯ ಅಥವಾ ಪತ್ರಿಕೆಯ ಒಪ್ಪಿಗೆ ಕೇಳುವುದು ಸರಿ. ಕೇಳಿದರೆ ಹೆಚ್ಚಿನವರು ಸಂತೋಷದಿಂದ ಕೊಡುತ್ತಾರೆ. ನಾಲ್ಕು ಸಾಲು ಎತ್ತಿ ಅದರ ಬಗ್ಗೆ ನಿಮ್ಮ ಮಾತು ಸೇರಿಸಿ ಬರೆಯುವುದಾದರೆ ತೊಂದರೆಯಿಲ್ಲ. ಹೇಗೆ ಹಂಚಿದರೂ ಕವಿಯ ಹೆಸರು, ಪತ್ರಿಕೆಯ ಹೆಸರು, ತಿಂಗಳು, ವರ್ಷ ಚಿತ್ರದ ಒಳಗೇ ಇರಲಿ. ಕೆಳಗೆ ಬೇರೆಯಾಗಿ ಬರೆದದ್ದು ಎರಡನೇ ಸಲ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ, ಆಮೇಲೆ ಆ ಕವಿತೆಗೆ ಯಾರೋ ಪ್ರಸಿದ್ಧರ ಹೆಸರು ಅಂಟಿಕೊಳ್ಳುತ್ತದೆ. ಕವಿತೆ ಮುಂದಿನ ಪುಟಕ್ಕೂ ಹೋಗಿದೆಯೇ ಎಂದು ತಿರುವಿ ನೋಡಿ. ಅರ್ಧ ಕವಿತೆಯೇ ಪೂರ್ಣ ಕವಿತೆಯಾಗಿ ಊರೆಲ್ಲ ಸುತ್ತುವುದು ಹೀಗೆಯೇ.

ಕವಿತೆ ಕಳಿಸಬೇಕೆಂದಿದ್ದೇನೆ. ಎಷ್ಟು, ಹೇಗೆ?

ಆ ಪತ್ರಿಕೆಯ ಕನಿಷ್ಠ ಎರಡು ಸಂಚಿಕೆ ಓದಿದ ಮೇಲೆ ಕಳಿಸಿ. ಮೂರರಿಂದ ಐದು ಕವಿತೆ ಸಾಕು. ಒಂದೇ ಕಳಿಸಿದರೆ ನಿಮ್ಮ ದನಿ ತಿಳಿಯುವುದಿಲ್ಲ, ಹದಿನೈದು ಕಳಿಸಿದರೆ ಆರಿಸುವ ಕೆಲಸವನ್ನು ಸಂಪಾದಕರ ಮೇಲೆ ಹೊರಿಸಿದಂತಾಗುತ್ತದೆ. ಎಲ್ಲ ಒಂದೇ ಫೈಲಿನಲ್ಲಿರಲಿ, ಒಂದೊಂದು ಹೊಸ ಪುಟದಿಂದ ಶುರುವಾಗಲಿ. ಹಿನ್ನೆಲೆ ಚಿತ್ರ, ಬಣ್ಣದ ಅಕ್ಷರ, ಪುಟದ ನಡುವಿಗೆ ಹೊಂದಿಸಿದ ಸಾಲುಗಳು ಬೇಡ. ಪರಿಚಯ ಮೂರು ಸಾಲು ಮೀರದಿರಲಿ. ಕವಿತೆಯ ಅರ್ಥವನ್ನು ಪತ್ರದಲ್ಲಿ ವಿವರಿಸಬೇಡಿ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಸಂಪಾದಕರಿಗೆ ಓದಲು ಬರುತ್ತಿಲ್ಲವಂತೆ. ಯಾಕೆ?

ಹಳೆಯ ನುಡಿ, ಬರಹ ಫಾಂಟುಗಳು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಲಗತ್ತಿಸಿ. ಸಾಲುಗಳು ಹೇಗಿರಬೇಕು ಎಂಬುದಕ್ಕೆ ಆ ಪಿಡಿಎಫ್ ಸಾಕ್ಷಿ.

ಹಳೆಯ ಫೈಲನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದಿದ್ದರೆ ಮೂರು ಕಡೆ ಕಣ್ಣಿಟ್ಟು ನೋಡಿ. ಒಂದು, ಅರ್ಕಾವೊತ್ತು: ‘ಸೂರ್ಯ’, ‘ಅರ್ಥ’ದಂಥ ಪದಗಳಲ್ಲಿ ಅದು ಪಕ್ಕದ ಅಕ್ಷರಕ್ಕೆ ಹಾರಿರಬಹುದು, ಅಥವಾ ಅದರ ಜಾಗದಲ್ಲಿ ಕನ್ನಡದ ಒಂಬತ್ತರ ಅಂಕಿ ಕೂತಿರಬಹುದು. ಇನ್ನೊಂದು, ಅನುಸ್ವಾರದ ಬದಲು ಅಂಕಿಯ ಸೊನ್ನೆ. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ, ಫಾಂಟ್ ಬದಲಾದಾಗ ಸೊನ್ನೆ ದಪ್ಪಗಾಗಿ ಎದ್ದು ಕಾಣುತ್ತದೆ. ಮೂರನೆಯದು ಖಾಲಿ ಜಾಗ: ಸಾಲನ್ನು ಒಳಕ್ಕೆ ಸರಿಸಲು ಸ್ಪೇಸ್ ಒತ್ತಿದ್ದರೆ ಅದೆಲ್ಲ ಪುಟವಿನ್ಯಾಸದಲ್ಲಿ ಅಳಿಸಿಹೋಗುತ್ತದೆ. ಅಂಥ ಸಾಲುಗಳಿದ್ದರೆ ಪತ್ರದಲ್ಲೇ ಹೇಳಿಬಿಡಿ. ಕವಿತೆಯ ಒಂದು ನುಡಿಯೊಳಗಿನ ಸಾಲುಗಳಿಗೆ ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ, ನುಡಿ ಮುಗಿದಾಗ ಬರೀ ಎಂಟರ್ ಒತ್ತಿದರೆ ಸಾಲು ಸಾಲಿನ ನಡುವೆ ಬೇಡದ ಅಂತರ ಬರುವುದಿಲ್ಲ.

ಉತ್ತರಕ್ಕೆ ಎಷ್ಟು ದಿನ ಕಾಯಬೇಕು? ಅಷ್ಟರಲ್ಲಿ ಬೇರೆ ಪತ್ರಿಕೆಗೂ ಕಳಿಸಬಹುದೇ?

ತ್ರೈಮಾಸಿಕವಾದರೆ ಮೂರರಿಂದ ಆರು ತಿಂಗಳು. ಅದಾದ ಮೇಲೆ ಒಂದು ನೆನಪೋಲೆ ಬರೆಯುವುದು ತಪ್ಪಲ್ಲ. ಒಂದೇ ಕವಿತೆಯನ್ನು ಎರಡು ಕಡೆ ಕಳಿಸುವುದನ್ನು ಕೆಲವು ಪತ್ರಿಕೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ನಿಯಮ ಒಳಪುಟದಲ್ಲಿ ಇರುತ್ತದೆ. ಒಪ್ಪುವ ಕಡೆಯೂ ಒಂದು ಪತ್ರಿಕೆ ಸ್ವೀಕರಿಸಿದ ದಿನವೇ ಇನ್ನೊಂದಕ್ಕೆ ತಿಳಿಸಬೇಕು. ಪುಟ ಕಟ್ಟಿದ ಮೇಲೆ ಕವಿತೆ ಹಿಂತೆಗೆದರೆ ಇಡೀ ಫಾರಂ ಮತ್ತೆ ಜೋಡಿಸಬೇಕಾಗುತ್ತದೆ. ಫೇಸ್‌ಬುಕ್ಕಿನಲ್ಲಿ ಹಾಕಿದ ಕವಿತೆಯನ್ನು ಬಹಳಷ್ಟು ಪತ್ರಿಕೆಗಳು ಪ್ರಕಟಿತ ಎಂದೇ ಎಣಿಸುತ್ತವೆ.

ಅಚ್ಚಾದ ಕವಿತೆಯ ಹಕ್ಕು ಯಾರದು?

ಬರೆದು ಕೊಟ್ಟ ಒಪ್ಪಂದ ಬೇರೆ ಹೇಳದಿದ್ದರೆ ಹಕ್ಕು ಕವಿಯದೇ. ಪತ್ರಿಕೆ ಸಾಮಾನ್ಯವಾಗಿ ಕೇಳುವುದು ಮೊದಲ ಪ್ರಕಟಣೆಯ ಅವಕಾಶ ಮಾತ್ರ. ಸಂಕಲನ ತರುವಾಗ ಮೊದಲು ಯಾವ ಪತ್ರಿಕೆಯಲ್ಲಿ ಬಂತು ಎಂದು ನೆನೆಯುವುದು ವಾಡಿಕೆ.

ನಾಲ್ಕು ಜನ ಸೇರಿ ಓದುವುದಾದರೆ ಹೇಗೆ?

ಆರು ಜನ ಮೀರಬೇಡಿ. ಒಂದು ಸಂಚಿಕೆಯಿಂದ ಮೂರು ಕವಿತೆ ಮೊದಲೇ ಆರಿಸಿ. ಪ್ರತಿ ಕವಿತೆಯನ್ನು ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಲಿ. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ನಿಲ್ಲಿಸುವುದಿಲ್ಲ, ಮಾತು ಅಲ್ಲಿಂದಲೇ ಹುಟ್ಟುತ್ತದೆ. ಬರೆದವರ ಬದುಕಿನ ವಿಚಾರ ಬಂದ ಕೂಡಲೇ ಕವಿತೆ ಹಿಂದೆ ಸರಿಯುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹಳೆಯ ಸಂಚಿಕೆಗಳನ್ನು ಹುಡುಕುವುದು ಹೇಗೆ?

ಪತ್ರಿಕೆಯ ಹೆಸರೊಂದೇ ಸಾಲದು, ಒಂದೇ ಹೆಸರಿನ ಪತ್ರಿಕೆಗಳು ಬೇರೆ ಬೇರೆ ಕಾಲದಲ್ಲಿ, ಭಾಷೆಗಳಲ್ಲಿ ಬಂದಿರುತ್ತವೆ. ಸಂಪಾದಕರ ಹೆಸರು, ಊರು, ಸಂಪುಟ ಮತ್ತು ಸಂಚಿಕೆ ಸಂಖ್ಯೆ ಬರೆದುಕೊಂಡು ಗ್ರಂಥಾಲಯಕ್ಕೆ ಹೋಗಿ. ಐಎಸ್‌ಎಸ್‌ಎನ್ (ನಿಯತಕಾಲಿಕೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇದ್ದರೆ ಕೆಲಸ ಇನ್ನೂ ಸುಲಭ. ಎಂಟು ಅಂಕಿಗಳ ಈ ಸಂಖ್ಯೆಯಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ‘ಪೊಯೆಟ್ರಿ’ಯದು 0032-2032. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 42. ಅದು 11ರ ಮುಂದಿನ ಗುಣಿತವಾದ 44ಕ್ಕೆ ಎರಡು ಕಡಿಮೆ, ಕೊನೆಯ ಅಂಕಿಯೂ ಎರಡೇ. ಬರೆದುಕೊಂಡ ಸಂಖ್ಯೆ ತಾಳೆಯಾಗದಿದ್ದರೆ ಎಲ್ಲೋ ಅಂಕಿ ತಪ್ಪಿದೆ. ಈ ವ್ಯವಸ್ಥೆ ಬಂದದ್ದು 1970ರ ದಶಕದಲ್ಲಿ, ಅದಕ್ಕೂ ಮೊದಲು ನಿಂತುಹೋದ ಎಷ್ಟೋ ಪತ್ರಿಕೆಗಳಿಗೆ ಸಂಖ್ಯೆ ಇರುವುದಿಲ್ಲ.

ಮನೆಯಲ್ಲಿರುವ ಹಳೆಯ ಸಂಚಿಕೆಗಳನ್ನು ಕಾಪಾಡುವುದು ಹೇಗೆ?

ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತದೆ, ಆಮ್ಲ ಕಾಗದವನ್ನು ಪುಡಿ ಮಾಡುತ್ತದೆ. ಬಿಸಿಲು ಬೀಳದ, ಗಾಳಿಯಾಡುವ ಕಡೆ ಮಲಗಿಸಿ ಇಡಿ. ತೇವಾಂಶ ಶೇಕಡ 65 ದಾಟಿದರೆ ಬೂಷ್ಟು ಹಿಡಿಯುವ ಭಯ. ಸಂಚಿಕೆಯೊಳಗೆ ದಿನಪತ್ರಿಕೆಯ ಚೂರು ಇಟ್ಟಿದ್ದರೆ ತೆಗೆಯಿರಿ, ಅದರ ಕಂದು ಕಲೆ ಎದುರು ಪುಟಕ್ಕೆ ಇಳಿಯುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಾಕಲೇಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಅಕ್ಷರದ ಮೇಲೆ ಹರಡುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ.

ನಡುವೆ ಪಿನ್ ಹೊಡೆದ ಸಂಚಿಕೆಗಳಲ್ಲಿ ಮೊದಲು ತುಕ್ಕು ಹಿಡಿಯುವುದು ಪಿನ್ನೇ. ಪಿನ್ನಿನ ಕಾಲುಗಳನ್ನು ಒಳಗಿನಿಂದ ನೆಟ್ಟಗೆ ಮಾಡಿ ಹೊರಗಿನಿಂದ ಎಳೆದು ತೆಗೆಯಿರಿ. ಮಡಿಕೆಯ ಮೇಲೆ ಮೂರು ತೂತು ಸಾಕು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಬೆನ್ನಿನ ಎರಡೂವರೆ ಪಟ್ಟು ಉದ್ದದ ಹತ್ತಿಯ ದಾರ ತೆಗೆದುಕೊಳ್ಳಿ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಹೊರಗಿನಿಂದ ಒಳಗೆ, ಅಲ್ಲಿಂದ ನಡುವಿನದನ್ನು ಬಿಟ್ಟು ನೇರ ಕೆಳಗಿನದಕ್ಕೆ ಬಂದು ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಎರಡು ತುದಿಗಳು ಉದ್ದ ದಾರದ ಆಚೆ ಒಂದು, ಈಚೆ ಒಂದು ಬರುವಂತೆ ಹಿಡಿದು ಅದರ ಮೇಲೆ ಗಂಟು ಹಾಕಿ. ಬಿಗಿಯಾಗಿ ಎಳೆಯುವಾಗ ದಾರವನ್ನು ಮಡಿಕೆಯ ಉದ್ದಕ್ಕೇ ಎಳೆಯಿರಿ, ಪುಟದ ಕಡೆಗೆ ಎಳೆದರೆ ಕಾಗದ ಸೀಳುತ್ತದೆ.

ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಕಟ್ಟು ಹಾಕಿಸುವವರು ಮುಖಪುಟ, ಹಿಂಬದಿ, ಜಾಹೀರಾತಿನ ಪುಟಗಳನ್ನು ಕಿತ್ತುಹಾಕದಂತೆ ಬೈಂಡರ್‌ಗೆ ಮೊದಲೇ ಹೇಳಿ. ಸಂಪುಟ ಸಂಖ್ಯೆ, ತಿಂಗಳು, ಅಚ್ಚಿನ ಮನೆಯ ಹೆಸರು ಎಷ್ಟೋ ಪತ್ರಿಕೆಗಳಲ್ಲಿ ಇರುವುದು ಆ ಪುಟಗಳಲ್ಲಿ ಮಾತ್ರ. ಬೆನ್ನಿನ ಬದಿಯ ಅಂಚು ಕಿರಿದಾಗಿದ್ದರೆ ಪಕ್ಕದಿಂದ ಚುಚ್ಚಿ ಹೊಲಿಯುವುದೂ ಬೇಡ, ಸಾಲಿನ ಮೊದಲ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗುತ್ತವೆ.